ಗುಂಪು ಚಿಕಿತ್ಸೆಯಲ್ಲಿ ತನ್ನತನ ಬೆಳೆಯುತ್ತದೆಯೇ, ಅಥವಾ ಗುಂಪಿನ ದನಿಯೇ ತನ್ನದಾಗಿಬಿಡುತ್ತದೆಯೇ?

ತಿಳಿನೀರು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಮನೋಚಿಕಿತ್ಸಕಿ; ಬಹುಕಾಲದಿಂದ ಗುಂಪು ಚಿಕಿತ್ಸೆ ನಡೆಸುತ್ತಿದ್ದೇನೆ. ಗುಂಪಿನಲ್ಲಿ ಕುಳಿತು ಚೇತರಿಸಿಕೊಳ್ಳುತ್ತಿರುವಂತೆ ಕಾಣುವ ವ್ಯಕ್ತಿ ನಿಜವಾಗಿಯೂ ತನ್ನತನವನ್ನು ಕಂಡುಕೊಳ್ಳುತ್ತಿದ್ದಾರೆಯೇ, ಅಥವಾ ಇದುವರೆಗೆ ಮನೆಯವರ ಮರ್ಜಿ ಹಿಡಿದು ಬದುಕಿದಂತೆ ಈಗ ಗುಂಪಿನ ಮರ್ಜಿ ಹಿಡಿಯುತ್ತಿದ್ದಾರೆಯೇ ಎಂಬುದನ್ನು ತಿಳಿಯುವುದು ಹೇಗೆ? ತಿಳಿದ ಮೇಲೆ ಗುಂಪು ನಡೆಸುವವರು ಮಾಡಬೇಕಾದದ್ದೇನು? ಈ ಎರಡು ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಗೋಪ್ಯತೆಯ ಸಲುವಾಗಿ ವಿವರಗಳನ್ನು ಬದಲಿಸಿ, ಹಲವರ ಅನುಭವವನ್ನು ಒಬ್ಬರದೆಂಬಂತೆ ಸೇರಿಸಿ ಬರೆದಿದ್ದೇನೆ.

ಎಂಟು ಜನರ ಗುಂಪು. ವಾರಕ್ಕೊಮ್ಮೆ ಒಂದೂವರೆ ಗಂಟೆ ಸೇರುತ್ತದೆ. “ಯಾರು ಏನು ಕೇಳಿದರೂ ಇಲ್ಲವೆನ್ನಲು ಬಾಯಿ ಬರುವುದಿಲ್ಲ, ನನಗೇನು ಬೇಕೆಂಬುದೇ ನನಗೆ ಗೊತ್ತಿಲ್ಲ” ಎಂದು ಹೇಳಿಕೊಂಡು ಮಹಿಳೆಯೊಬ್ಬರು ಈ ಗುಂಪಿಗೆ ಬಂದರು. ಮೊದಲ ಕೆಲವು ತಿಂಗಳುಗಳಲ್ಲೇ ಅವರಲ್ಲಿ ಎದ್ದು ಕಾಣುವ ಬದಲಾವಣೆಯಾಯಿತು. ಮಾತಿಗೆ ಹಿಂಜರಿಯುತ್ತಿದ್ದವರು ಮಾತನಾಡತೊಡಗಿದರು, ಇತರರ ನೋವಿಗೆ ಸ್ಪಂದಿಸತೊಡಗಿದರು, ಗುಂಪಿನವರೆಲ್ಲ ಅವರ ಪ್ರಗತಿಯನ್ನು ಮೆಚ್ಚಿಕೊಂಡರು. ಹೀಗಿರುವಾಗ ಹಿರಿಯ ಸದಸ್ಯರೊಬ್ಬರು ಒಂದು ದಿನ ಅವರಿಗೆ, “ನಿಮ್ಮ ಅಕ್ಕನ ಮೇಲೆ ನಿಮಗೆ ಸಿಟ್ಟಿದೆ, ಒಪ್ಪಿಕೊಳ್ಳಿ” ಎಂದರು. ಅವರು ತಕ್ಷಣ ಉತ್ತರಿಸಲಿಲ್ಲ. ಹೇಳಿದವರ ಮುಖವನ್ನು ಮೊದಲು ನೋಡಿದರು, ಬಳಿಕ ನನ್ನ ಮುಖವನ್ನು, ಆಮೇಲೆ ಎದುರು ಕುಳಿತಿದ್ದ ಇಬ್ಬರ ಮುಖವನ್ನು. ಎಲ್ಲರೂ ತಲೆಯಾಡಿಸುತ್ತಿರುವುದು ಖಚಿತವಾದ ಮೇಲೆ, “ಹೌದು, ನನಗೆ ಸಿಟ್ಟಿದೆ” ಎಂದರು. ದನಿ ಗಟ್ಟಿಯಾಗಿತ್ತು, ಮಾತು ನೇರವಾಗಿತ್ತು, ಗುಂಪಿಗೆ ಸಮಾಧಾನವೂ ಆಯಿತು. ಆದರೆ ಆ ಉತ್ತರ ಸುತ್ತಲಿನ ಮುಖಗಳಿಂದ ಬಂದಿತೇ ಹೊರತು ಅವರ ಒಳಗಿನಿಂದ ಬಂದಿರಲಿಲ್ಲವೆಂದು ನನಗೆ ಅನಿಸಿತು. ಅಂದಿನಿಂದ ಗಮನಿಸುತ್ತಿದ್ದೇನೆ: ಅವರು ಆಡುವ ಮಾತುಗಳಲ್ಲಿ ಬಹುಪಾಲು ಗುಂಪಿನಲ್ಲಿ ಬೇರೆಯವರು ಮೊದಲೇ ಆಡಿದ್ದವು.

ವ್ಯಕ್ತಿ ಹೊರಗಿನ ಬದುಕಿನಲ್ಲಿ ಹೇಗೆ ನಡೆದುಕೊಳ್ಳುತ್ತಾರೋ ಹಾಗೆಯೇ ಬೇಗನೆ ಗುಂಪಿನೊಳಗೂ ನಡೆದುಕೊಳ್ಳಲಾರಂಭಿಸುತ್ತಾರೆ, ಆದ್ದರಿಂದ ಗುಂಪು ಅವರ ಸಾಮಾಜಿಕ ಜಗತ್ತಿನ ಕಿರುರೂಪವಾಗುತ್ತದೆ ಎಂದು ಗುಂಪು ಚಿಕಿತ್ಸೆಯ ಬಗ್ಗೆ ಬರೆದ ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ ಹೇಳುತ್ತಾರೆ. ಆ ದೃಷ್ಟಿಯಿಂದ ನೋಡಿದರೆ ಇಲ್ಲಿ ನಡೆದದ್ದು ನಿರೀಕ್ಷಿತವೇ. ನನ್ನನ್ನು ಕಾಡುತ್ತಿರುವುದು ಅದರ ಮುಂದಿನ ಹೆಜ್ಜೆ. ಇದೇ ಗುಂಪಿನೊಳಗೆ ಕುಳಿತು, ಇದೇ ಜನರ ಪ್ರೀತಿಯನ್ನು ಕಳೆದುಕೊಳ್ಳದೆ, ಅವರು ಇವರೆಲ್ಲರಿಂದ ಬೇರೆಯಾದ ಒಬ್ಬರಾಗುವುದು ಹೇಗೆ? ಅನುಭವವಿರುವವರು ದಯವಿಟ್ಟು ಬರೆಯಿರಿ.

ಕಿರುದಾರಿ

ತಿಳಿನೀರು ಮೇಡಂ, ನಾನು ಚಿಕಿತ್ಸಕನಲ್ಲ. ಇಂಥದೇ ಒಂದು ಗುಂಪಿನಲ್ಲಿ ಸದಸ್ಯನಾಗಿದ್ದವನು. ನೀವು ಬರೆದ ಮಹಿಳೆಯ ಸ್ಥಿತಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹೊರಗೆ ಎಲ್ಲಿಯೂ ಸಿಗದ ಆದರ ಗುಂಪಿನಲ್ಲಿ ಸಿಕ್ಕಾಗ ಅದನ್ನು ಉಳಿಸಿಕೊಳ್ಳಬೇಕೆಂಬ ಆಸೆ ಎಷ್ಟು ಬಲವಾಗಿರುತ್ತದೆಂದರೆ, ಅಲ್ಲಿ ಯಾವ ಬಗೆಯ ಮಾತಿಗೆ ಮನ್ನಣೆ ಸಿಗುತ್ತದೆ ಎಂಬುದನ್ನು ಮನಸ್ಸು ನಮಗೇ ತಿಳಿಯದಂತೆ ಕಲಿತುಬಿಡುತ್ತದೆ. ನಮ್ಮ ಗುಂಪಿನಲ್ಲಿ ಅತ್ತವರಿಗೆ ಹೆಚ್ಚು ಮನ್ನಣೆಯಿತ್ತು. ಆ ಬಗ್ಗೆ ಯಾರೂ ನಿಯಮ ಮಾಡಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು.

ನನ್ನಲ್ಲಿ ಏನೋ ಬದಲಾದದ್ದು ತೀರಾ ಸಣ್ಣ ಸಂದರ್ಭವೊಂದರಲ್ಲಿ. ನಾನು ಕೆಲಸ ಬದಲಿಸುವ ವಿಚಾರ ಮಾತಿಗೆ ಬಂದಾಗ, ಅದು ನನ್ನ ಹಳೆಯ ಪಲಾಯನದ ಅಭ್ಯಾಸವೆಂದು ಒಬ್ಬರು ಹೇಳಿದರು, ಉಳಿದವರು ಅದನ್ನು ಅನುಮೋದಿಸಿದರು. ಅವರ ಮಾತಿನಲ್ಲಿ ತರ್ಕವಿತ್ತು. ನನ್ನ ಹಿಂದಿನ ಕಥೆಗೆ ಅದು ಹೊಂದಿಕೆಯಾಗುತ್ತಲೂ ಇತ್ತು. ಆದರೂ ಅದು ಈ ಬಾರಿ ನಿಜವಲ್ಲವೆಂದು ನನಗೆ ತಿಳಿದಿತ್ತು. “ನೀವು ಹೇಳುವುದು ನನಗೆ ಅರ್ಥವಾಗುತ್ತದೆ, ಆದರೆ ಈ ಸಲ ಅದು ಹಾಗಲ್ಲ” ಎಂದು ಹೇಳಿ ನಾನು ಸುಮ್ಮನಾದೆ. ಮುಂದಿನ ಕೆಲವು ನಿಮಿಷಗಳಲ್ಲಿ ಗುಂಪು ನನ್ನನ್ನು ಹೊರಹಾಕಲಿಲ್ಲ, ಒಪ್ಪಿಸಲು ಹಟ ಹಿಡಿಯಲೂ ಇಲ್ಲ. ಒಬ್ಬರಿಗೆ ಬೇಸರವಾಯಿತು, ಅದನ್ನು ಅವರು ಹೇಳಿದರು. ಆ ಬೇಸರವನ್ನು ಕೇಳಿಸಿಕೊಂಡೂ ನಾನು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನೆಂಬ ಒಬ್ಬ ಮನುಷ್ಯ ಇಲ್ಲಿ ಕುಳಿತಿದ್ದಾನೆ ಎಂದು ಆ ಹೊತ್ತಿನಲ್ಲಿ ಅನಿಸಿದ್ದು ಅದಕ್ಕೆ ಮುಂಚೆ ಎಷ್ಟು ಅತ್ತಾಗಲೂ ಅನಿಸಿರಲಿಲ್ಲ.

ಅಳತೆಗೋಲು

ಮನೋವಿಜ್ಞಾನ ಕಲಿಸುವವನಾಗಿ ಒಂದು ಹಳೆಯ ಪ್ರಯೋಗವನ್ನು ಇಲ್ಲಿ ನೆನಪಿಸಬಯಸುತ್ತೇನೆ, ಏಕೆಂದರೆ ಅದರ ಒಂದು ಭಾಗ ಮಾತ್ರ ಪ್ರಸಿದ್ಧವಾಗಿದೆ. ಈ ಚರ್ಚೆಗೆ ಬೇಕಾದದ್ದು ಉಳಿದ ಭಾಗ. ಸಾಲಮನ್ ಆ್ಯಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗೆರೆಯನ್ನು ತೋರಿಸಿ, ಮೂರು ಗೆರೆಗಳಲ್ಲಿ ಅದಕ್ಕೆ ಸಮನಾದದ್ದು ಯಾವುದೆಂದು ಕೇಳಲಾಗುತ್ತಿತ್ತು. ಕೋಣೆಯಲ್ಲಿದ್ದವರಲ್ಲಿ ಒಬ್ಬರನ್ನುಳಿದು ಮಿಕ್ಕವರೆಲ್ಲ ಪ್ರಯೋಗಕಾರರ ಕಡೆಯವರು. ಕೆಲವು ಸುತ್ತುಗಳಲ್ಲಿ ಅವರೆಲ್ಲ ಒಮ್ಮತದಿಂದ ತಪ್ಪು ಉತ್ತರ ಕೊಡುತ್ತಿದ್ದರು. ಅಂಥ ಸುತ್ತುಗಳಲ್ಲಿ ನಿಜವಾದ ಭಾಗಿದಾರರು ಕೊಟ್ಟ ಉತ್ತರಗಳಲ್ಲಿ ಸುಮಾರು ಮೂರನೇ ಒಂದರಷ್ಟು ಗುಂಪಿನ ತಪ್ಪನ್ನೇ ಅನುಸರಿಸಿದ್ದವು. ಎಲ್ಲರಿಗೂ ಗೊತ್ತಿರುವುದು ಇಷ್ಟು.

ಅಷ್ಟಾಗಿ ಗೊತ್ತಿಲ್ಲದ ಸಂಗತಿಗಳು ಹೀಗಿವೆ. ಸರಿ ಉತ್ತರ ಹೇಳುವ ಒಬ್ಬನೇ ಒಬ್ಬ ಜೊತೆಗಾರ ಇದ್ದರೂ ಗುಂಪಿಗೆ ಮಣಿಯುವ ಪ್ರಮಾಣ ತೀವ್ರವಾಗಿ ಕುಸಿಯುತ್ತಿತ್ತು. ಆ ಒಬ್ಬ ಬಹುಮತವನ್ನು ಬಿಟ್ಟು ಬೇರೊಂದು ತಪ್ಪು ಉತ್ತರ ಕೊಟ್ಟಾಗಲೂ ಮಣಿಯುವಿಕೆ ಕಡಿಮೆಯಾಗುತ್ತಿತ್ತು. ಎಂದರೆ ಭಾಗಿದಾರರಿಗೆ ಬೇಕಾಗಿದ್ದದ್ದು ತಮ್ಮೊಂದಿಗೆ ಸಮ್ಮತಿಸುವವರಷ್ಟೇ ಆಗಿರಲಿಲ್ಲ. ಭಿನ್ನವಾಗಿ ನುಡಿದೂ ಈ ಕೋಣೆಯಲ್ಲಿ ಉಳಿಯಬಹುದೆಂಬುದಕ್ಕೆ ಸಾಕ್ಷಿ ಬೇಕಾಗಿತ್ತು. ಜೊತೆಗಾರ ನಡುವೆಯೇ ಬಹುಮತದ ಕಡೆಗೆ ಜಾರಿದರೆ ಮಣಿಯುವ ಪ್ರವೃತ್ತಿ ಮತ್ತೆ ತಲೆಯೆತ್ತುತ್ತಿತ್ತು. ಉತ್ತರವನ್ನು ಬಾಯಲ್ಲಿ ಹೇಳುವ ಬದಲು ಬರೆದುಕೊಡಲು ಅವಕಾಶವಿದ್ದಾಗಲೂ ಗುಂಪಿನ ಹಿಡಿತ ಸಡಿಲವಾಗುತ್ತಿತ್ತು.

ಅಪರಿಚಿತರ ನಡುವೆ ಗೆರೆ ಅಳೆಯುವುದಕ್ಕೂ ತಿಂಗಳುಗಟ್ಟಲೆ ಒಟ್ಟಿಗೆ ಕುಳಿತವರ ನಡುವೆ ತನ್ನ ಸಿಟ್ಟನ್ನು ಗುರುತಿಸುವುದಕ್ಕೂ ಬಹಳ ಅಂತರವಿದೆ. ಗೆರೆಗೆ ಸರಿ ಉತ್ತರವಿದೆ, ಸಿಟ್ಟಿಗೆ ಅಂಥದೊಂದು ಉತ್ತರವಿಲ್ಲ, ಆದ್ದರಿಂದ ಇಲ್ಲಿ ಒತ್ತಡ ಇನ್ನೂ ಹೆಚ್ಚೇ ಇರಬಹುದು. ಆದರೂ ಕಿರುದಾರಿ ಅವರ ಅನುಭವದ ಹಿಂದೆ ಇದೇ ತತ್ತ್ವವಿರಬಹುದೆಂದು ನನಗನಿಸುತ್ತದೆ. ಅದಕ್ಕೆ ಮುಂಚೆ ಆ ಗುಂಪಿನಲ್ಲಿ ಇನ್ನಾರೋ ಭಿನ್ನವಾಗಿ ನುಡಿದು ಉಳಿದುಕೊಂಡದ್ದನ್ನು ಅವರು ನೋಡಿರಬೇಕು.

ಕಿರುದಾರಿ

ಅಳತೆಗೋಲು ಸರ್, ನಿಮ್ಮ ಊಹೆ ಸರಿ. ಅದಕ್ಕೆ ಕೆಲವು ವಾರ ಮುಂಚೆ ಸದಸ್ಯೆಯೊಬ್ಬರು ಚಿಕಿತ್ಸಕರಿಗೇ, “ನೀವು ನನ್ನ ಮಾತನ್ನು ಅರ್ಧಕ್ಕೆ ತುಂಡರಿಸಿದಿರಿ” ಎಂದಿದ್ದರು. ಚಿಕಿತ್ಸಕರು ಸಮಜಾಯಿಷಿ ಕೊಡದೆ, ಆ ಹೊತ್ತಿನಲ್ಲಿ ಅವರಿಗೆ ಏನನಿಸಿತು ಎಂದು ಕೇಳಿದರು. ನಾನು ಆ ದಿನ ಬಾಯಿ ಬಿಟ್ಟಿರಲಿಲ್ಲ, ಆದರೆ ಎಲ್ಲವನ್ನೂ ನೋಡುತ್ತಿದ್ದೆ.

ದೂರದೀಪ

ಎಲ್ಲರ ಮಾತನ್ನೂ ಗೌರವದಿಂದ ಓದಿದ್ದೇನೆ. ಆದರೂ ಒಂದು ಮೂಲಭೂತ ಆಕ್ಷೇಪವನ್ನು ಎತ್ತಲೇಬೇಕು. ಇತರರ ಮರ್ಜಿಯಲ್ಲೇ ಬದುಕಿದವರನ್ನು, ಅವರ ಒಳದನಿ ಇನ್ನೂ ಗಟ್ಟಿಯಾಗದಿರುವಾಗ, ಏಳೆಂಟು ಜನರ ಮುಂದೆ ಕೂರಿಸುವುದೇ ತಪ್ಪಲ್ಲವೇ? ಮೊದಲು ಒಬ್ಬರೇ ಚಿಕಿತ್ಸಕರೊಂದಿಗೆ ವೈಯಕ್ತಿಕ ಚಿಕಿತ್ಸೆ ಪಡೆದು, ತಮ್ಮ ಇಷ್ಟಾನಿಷ್ಟಗಳನ್ನು ಗುರುತಿಸಲು ಕಲಿತ ಮೇಲೆ ಗುಂಪಿಗೆ ಬರುವುದು ಸುರಕ್ಷಿತ ಮಾರ್ಗ.

ಗುಂಪಿನ ಒತ್ತಡದಿಂದ ಹಾನಿಯಾಗುತ್ತದೆ ಎಂಬುದು ಬರಿಯ ಆತಂಕವಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಎನ್‌ಕೌಂಟರ್ ಗುಂಪುಗಳು (ಸದಸ್ಯರು ತಮ್ಮ ಭಾವನೆಗಳನ್ನು ಪರಸ್ಪರ ನೇರವಾಗಿ ಹೇಳಿಕೊಳ್ಳುವ ಗುಂಪುಗಳು) ಬಹಳ ಜನಪ್ರಿಯವಾಗಿದ್ದಾಗ ಮಾರ್ಟನ್ ಲೀಬರ್‌ಮನ್, ಇರ್ವಿನ್ ಯಾಲಮ್ ಮತ್ತು ಮ್ಯಾಥ್ಯೂ ಮೈಲ್ಸ್ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಗುಂಪುಗಳನ್ನು ಅಧ್ಯಯನ ಮಾಡಿ 1973ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಲವರಿಗೆ ಪ್ರಯೋಜನವಾಗಿತ್ತು, ಆದರೆ ಕೆಲವರ ಮಾನಸಿಕ ಸ್ಥಿತಿ ಗಂಭೀರವಾಗಿ ಹದಗೆಟ್ಟಿತ್ತು. ಅಂಥ ಹಾನಿ ಹೆಚ್ಚಾಗಿ ಕಂಡುಬಂದದ್ದು ತೀವ್ರ ಉತ್ಸಾಹದಿಂದ ಮುನ್ನುಗ್ಗುವ, ಸದಸ್ಯರ ಒಳಗನ್ನು ಬೇಗ ಬಗೆದು ತೆಗೆಯಬೇಕೆಂಬ ಹಟವಿದ್ದ, ವರ್ಚಸ್ವಿ ನಾಯಕರ ಗುಂಪುಗಳಲ್ಲಿ. ತೆರೆದುಕೊಳ್ಳಲೇಬೇಕೆಂಬ ವಾತಾವರಣದಲ್ಲಿ, ತೆರೆದುಕೊಳ್ಳಲು ಸಿದ್ಧರಿಲ್ಲದವರು ಏನನ್ನಾದರೂ ಸೃಷ್ಟಿಸಿ ಕೊಡಬೇಕಾಗುತ್ತದೆ. ತಿಳಿನೀರು ಅವರ ಗುಂಪಿನ ಮಹಿಳೆ “ನನಗೆ ಸಿಟ್ಟಿದೆ” ಎಂದದ್ದು ಇದೇ ಬಗೆಯ ಕಪ್ಪಕಾಣಿಕೆಯಂತೆ ನನಗೆ ಕಂಡಿತು.

ತಿಳಿನೀರು

ದೂರದೀಪ ಅವರೇ, ನಿಮ್ಮ ಎಚ್ಚರಿಕೆ ಸಕಾಲಿಕವಾಗಿದೆ. ನೀವು ಹೆಸರಿಸಿದ ಅಧ್ಯಯನ ಗುಂಪು ನಡೆಸುವ ಪ್ರತಿಯೊಬ್ಬರ ಮನಸ್ಸಿನಲ್ಲೂ ಇರಬೇಕಾದದ್ದು. ತೀವ್ರ ಬಿಕ್ಕಟ್ಟಿನಲ್ಲಿರುವವರು, ಇತರರ ಮಾತಿನ ಒಂದು ಏಟಿಗೇ ಕುಸಿದುಹೋಗುವವರು ಮೊದಲು ಒಬ್ಬರೇ ಚಿಕಿತ್ಸಕರ ಬಳಿ ಹೋಗಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಗುಂಪಿಗೆ ಸೇರಿಸುವ ಮುನ್ನ ಪ್ರತಿಯೊಬ್ಬರೊಂದಿಗೂ ಪ್ರತ್ಯೇಕವಾಗಿ ಮಾತನಾಡುವುದು ಅದಕ್ಕಾಗಿಯೇ.

ಆದರೆ ಎಲ್ಲರಿಗೂ ಹಿತವಾಗಿ ನಡೆದುಕೊಳ್ಳುವುದನ್ನೇ ಬದುಕಾಗಿ ಮಾಡಿಕೊಂಡವರ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಇಂಥವರು ವೈಯಕ್ತಿಕ ಚಿಕಿತ್ಸೆಗೆ ಬಂದಾಗ ಬಹಳ ಒಳ್ಳೆಯ ರೋಗಿಗಳಾಗಿಬಿಡುತ್ತಾರೆ. ಚಿಕಿತ್ಸಕರಿಗೆ ಏನು ಇಷ್ಟವೆಂಬುದನ್ನು ಕೆಲವೇ ವಾರಗಳಲ್ಲಿ ಅರಿತುಕೊಂಡು ಅದನ್ನೇ ಕೊಡತೊಡಗುತ್ತಾರೆ. ಒಳನೋಟ ಬೇಕೆಂದರೆ ಒಳನೋಟ, ಕನಸು ಬೇಕೆಂದರೆ ಕನಸು, ಸ್ವಾತಂತ್ರ್ಯ ಬೇಕೆಂದರೆ ಸ್ವಾತಂತ್ರ್ಯ. ಒಬ್ಬರನ್ನು ಮೆಚ್ಚಿಸುವುದು ಸಾಧ್ಯವಿರುವ ಕೆಲಸ. ಎಂಟು ಜನರನ್ನು ಏಕಕಾಲಕ್ಕೆ ಮೆಚ್ಚಿಸುವುದು ಬೇಗ ಅಥವಾ ತಡವಾಗಿ ಅಸಾಧ್ಯವಾಗುತ್ತದೆ. ಒಬ್ಬರು ಅವರಿಂದ ಸಿಟ್ಟನ್ನು ಬಯಸುತ್ತಾರೆ, ಇನ್ನೊಬ್ಬರು ಕ್ಷಮೆಯನ್ನು, ಮತ್ತೊಬ್ಬರು ಸುಮ್ಮನೆ ಜೊತೆಯನ್ನು. ಆ ಬಯಕೆಗಳು ಒಂದಕ್ಕೊಂದು ಎದುರಾಗುವ ಕ್ಷಣದಲ್ಲಿ ಹಳೆಯ ವಿದ್ಯೆ ಕೈಕೊಡುತ್ತದೆ, ಮತ್ತು ಆಗ ಮೊದಲ ಬಾರಿಗೆ “ಹಾಗಾದರೆ ನನಗೇನು ಅನಿಸುತ್ತಿದೆ?” ಎಂಬ ಪ್ರಶ್ನೆಗೆ ಬೇರೆ ದಾರಿಯಿಲ್ಲದೆ ಬಂದು ನಿಲ್ಲಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಗುಂಪಿನ ನಿಜವಾದ ಚಿಕಿತ್ಸಾಶಕ್ತಿ ಇರುವುದು ಸದಸ್ಯರ ನಡುವಣ ಈ ಹೊಂದಾಣಿಕೆಯಾಗದ ನಿರೀಕ್ಷೆಗಳಲ್ಲಿ. ಗುಂಪು ಸಂಪೂರ್ಣ ಒಮ್ಮತಕ್ಕೆ ಬಂದ ದಿನ ಆ ಶಕ್ತಿ ಹೋಗುತ್ತದೆ.

ಈ ಅರ್ಥದಲ್ಲಿ ಒಗ್ಗಟ್ಟು ಮತ್ತು ಒಮ್ಮತ ಬೇರೆ ಬೇರೆ ಎಂಬುದನ್ನು ನಾವು ಚಿಕಿತ್ಸಕರು ಹಲವೊಮ್ಮೆ ಮರೆಯುತ್ತೇವೆ. ಯಾಲಮ್ ಪಟ್ಟಿ ಮಾಡಿದ ಹನ್ನೊಂದು ಚಿಕಿತ್ಸಕ ಅಂಶಗಳಲ್ಲಿ ಗುಂಪಿನ ಒಗ್ಗಟ್ಟೂ ಒಂದು. ಆದರೆ ಒಗ್ಗಟ್ಟಿನ ಬೆಲೆ ಇರುವುದು ಅದು ಭಿನ್ನಮತವನ್ನು, ಸಿಟ್ಟನ್ನು, ನಿರಾಸೆಯನ್ನು ತಾಳಿಕೊಳ್ಳುವಷ್ಟು ಗಟ್ಟಿಯಾದಾಗ. ನಮ್ಮ ಗುಂಪು ತುಂಬ ಅನ್ಯೋನ್ಯವಾಗಿದೆ ಎಂದು ಸದಸ್ಯರೆಲ್ಲ ಹೇಳುತ್ತಿರುವ ಹೊತ್ತಿನಲ್ಲಿ ಯಾರು ಏನನ್ನು ಹೇಳದೆ ಬಿಟ್ಟಿದ್ದಾರೆ ಎಂದು ನಾನು ಹುಡುಕತೊಡಗುತ್ತೇನೆ.

ಮುಂಗಾರು

ವ್ಯಸನದಿಂದ ಹೊರಬರುತ್ತಿರುವವರ ಸ್ವಸಹಾಯ ಗುಂಪಿನಲ್ಲಿ ನಾನು ಬಹಳ ವರ್ಷಗಳಿಂದ ಇದ್ದೇನೆ. ಅದು ಚಿಕಿತ್ಸಕರು ನಡೆಸುವ ಗುಂಪಲ್ಲ, ಆದರೂ ಪ್ರಶ್ನೆ ನಮಗೂ ಸಂಬಂಧಿಸಿದ್ದೇ. 1935ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆ್ಯಕ್ರನ್‌ನಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡಬಯಸುವವರ ಸ್ವಸಹಾಯ ಕೂಟ ಆರಂಭವಾಯಿತು. ಅಲ್ಲಿಂದ ಬಂದ ಪದ್ಧತಿಯಂತೆ ಸದಸ್ಯರು ತಮ್ಮ ಹೆಸರು ಹೇಳಿ, ತಾವು ವ್ಯಸನಿ ಎಂದು ಎಲ್ಲರ ಮುಂದೆ ಒಪ್ಪಿಕೊಳ್ಳುತ್ತಾರೆ. ಇದು ವ್ಯಕ್ತಿಯ ತನ್ನತನವನ್ನು ಒಂದು ಹಣೆಪಟ್ಟಿಗೆ ಇಳಿಸುತ್ತದೆ ಎಂಬ ಟೀಕೆಯನ್ನು ಹಲವರು ಮಾಡುತ್ತಾರೆ.

ನಾನು ಆ ಟೀಕೆಯನ್ನು ಪೂರ್ಣವಾಗಿ ಒಪ್ಪಲಾರೆ. ಕುಡಿತವನ್ನು ಮುಚ್ಚಿಡುವುದರಲ್ಲೇ ವರ್ಷಗಳನ್ನು ಕಳೆದು, ಹೆಂಡತಿಗೊಂದು, ಕಚೇರಿಗೊಂದು, ವೈದ್ಯರಿಗೊಂದು ಸುಳ್ಳು ಹೇಳಿಕೊಂಡು ಬಂದವನಿಗೆ ಆ ಒಂದು ವಾಕ್ಯ ಎಲ್ಲರಿಗೂ ಒಂದೇ ರೀತಿ ಹೇಳಬಹುದಾದ ಮೊದಲ ನಿಜ. ಆ ಹಂತದಲ್ಲಿ ಎರವಲು ತಂದ ಗುರುತೂ ಜೀವ ಉಳಿಸುತ್ತದೆ. ತೊಂದರೆ ಆರಂಭವಾಗುವುದು ವರ್ಷಗಳು ಕಳೆದ ಮೇಲೂ ಆತನಿಗೆ ತನ್ನ ಬಗ್ಗೆ ಹೇಳಿಕೊಳ್ಳಲು ಬೇರೇನೂ ಇಲ್ಲದಾಗ. ಮಗಳ ಮೇಲಿನ ಅಸಮಾಧಾನವೂ ಕಾಯಿಲೆಯ ಲಕ್ಷಣ, ಹೊಸ ಕೆಲಸದ ಉತ್ಸಾಹವೂ ಕಾಯಿಲೆಯ ಲಕ್ಷಣ ಎಂದು ಹೇಳಿಕೊಳ್ಳುವವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರು ಪಾನಮುಕ್ತರಾಗಿದ್ದಾರೆ, ಅದು ಸಣ್ಣ ಮಾತಲ್ಲ. ಆದರೆ ಅವರ ಒಳಗೆ ಇನ್ನೂ ಯಾರೋ ಒಬ್ಬರು ತಮ್ಮ ಸರದಿಗಾಗಿ ಕಾದಿದ್ದಾರೆ.

ಅಳತೆಗೋಲು

ಮುಂಗಾರು ಅವರ ಮಾತು ಈ ಚರ್ಚೆಗೆ ಬಹಳ ಮುಖ್ಯವೆಂದು ನಾನು ಭಾವಿಸುತ್ತೇನೆ. ಮನೋವಿಶ್ಲೇಷಕ ಎರಿಕ್ ಎರಿಕ್ಸನ್ ಅವರ ಅಸ್ಮಿತೆಯ, ಎಂದರೆ ತಾನು ಯಾರೆಂಬ ಅರಿವಿನ, ಪರಿಕಲ್ಪನೆಯನ್ನು ಆಧರಿಸಿ ಮನೋವಿಜ್ಞಾನಿ ಜೇಮ್ಸ್ ಮಾರ್ಸಿಯಾ 1966ರಲ್ಲಿ ಅಸ್ಮಿತೆಯ ನಾಲ್ಕು ಸ್ಥಿತಿಗಳನ್ನು ಗುರುತಿಸಿದರು. ಅವುಗಳಲ್ಲಿ ಒಂದರಲ್ಲಿ ವ್ಯಕ್ತಿಗೆ ತಾನು ಯಾರು, ತನ್ನ ನಂಬಿಕೆ ಏನು ಎಂಬ ಬಗ್ಗೆ ಗಟ್ಟಿಯಾದ ನಿಲುವಿರುತ್ತದೆ. ಆದರೆ ಆ ನಿಲುವಿಗೆ ಬರುವ ಮುನ್ನ ಯಾವ ಹುಡುಕಾಟವೂ ನಡೆದಿರುವುದಿಲ್ಲ. ತಂದೆತಾಯಿ ಅಥವಾ ಹಿರಿಯರು ಕೊಟ್ಟದ್ದನ್ನು ಹಾಗೆಯೇ ತೊಟ್ಟುಕೊಂಡಿರುತ್ತಾರೆ. ಇನ್ನೊಂದು ಸ್ಥಿತಿಯಲ್ಲಿ ಹುಡುಕಾಟ ನಡೆಯುತ್ತಿರುತ್ತದೆ, ನಿಲುವು ಇನ್ನೂ ಇರುವುದಿಲ್ಲ. ಆ ಹಂತ ಸಂಕಟದ್ದು, ಹೊರಗಿನಿಂದ ನೋಡುವವರಿಗೆ ಗೊಂದಲವೆಂದೇ ಕಾಣುತ್ತದೆ.

ಮಾರ್ಸಿಯಾ ಬರೆದದ್ದು ಯುವಜನರ ಬಗ್ಗೆ, ಗುಂಪು ಚಿಕಿತ್ಸೆಯ ಬಗ್ಗೆ ಅಲ್ಲ. ಆದರೂ ತಿಳಿನೀರು ಅವರ ಸದಸ್ಯೆ ಮನೆಯವರು ಕೊಟ್ಟ ಸಿದ್ಧ ಅಸ್ಮಿತೆಯನ್ನು ಬಿಟ್ಟು ಗುಂಪು ಕೊಟ್ಟ ಸಿದ್ಧ ಅಸ್ಮಿತೆಗೆ ಬಂದಿದ್ದಾರೆ, ನಡುವಿನ ಹುಡುಕಾಟವನ್ನು ದಾಟಿಲ್ಲ ಎಂದು ಓದಬಹುದಲ್ಲವೇ? ಹಾಗಿದ್ದರೆ ಅವರ ಮುಂದಿನ ಪ್ರಗತಿ ಹೊರನೋಟಕ್ಕೆ ಹಿನ್ನಡೆಯಂತೆ ಕಾಣಬಹುದು. ಗಟ್ಟಿ ದನಿಯಲ್ಲಿ ಮಾತನಾಡುತ್ತಿದ್ದವರು ತಡವರಿಸಬಹುದು, “ಗೊತ್ತಿಲ್ಲ” ಎನ್ನಬಹುದು. ಗುಂಪು ಅದನ್ನು ಸೋಲೆಂದು ತಿಳಿದು ಮತ್ತೆ ಸಲಹೆಗಳ ಮಳೆ ಸುರಿಸದಂತೆ ನೋಡಿಕೊಳ್ಳುವುದು ಚಿಕಿತ್ಸಕರ ಹೊಣೆ.

ಒಂಟಿಮರ

ನಾನು ಈ ಕ್ಷೇತ್ರದವನಲ್ಲ. ನನ್ನ ಪತ್ನಿ ಗುಂಪು ಚಿಕಿತ್ಸೆಗೆ ಹೋಗುತ್ತಿದ್ದಾರೆ. ಅವರು ಮೊದಲಿಗಿಂತ ಚೆನ್ನಾಗಿದ್ದಾರೆ, ಅದಕ್ಕೆ ನಾನು ಕೃತಜ್ಞ. ಆದರೆ ಈಚೆಗೆ ಮನೆಯಲ್ಲಿ ಯಾವ ಮಾತು ಬಂದರೂ “ಗುಂಪಿನಲ್ಲಿ ಹೀಗೆ ಹೇಳಿದರು” ಎಂಬ ಉತ್ತರ ಸಿಗುತ್ತದೆ. ನಮ್ಮಿಬ್ಬರ ನಡುವಿನ ಮಾತುಕತೆಯಲ್ಲಿ ಕಾಣದ ಏಳು ಜನ ಕುಳಿತಂತೆ ಅನಿಸುತ್ತದೆ. ತನ್ನತನವೆಂದರೆ ಮನೆಯವರಿಂದ ದೂರವಾಗುವುದೇ ಎಂಬ ಪ್ರಶ್ನೆಯನ್ನು ನೋವಿನಿಂದಲೇ ಕೇಳುತ್ತಿದ್ದೇನೆ.

ಬೆಳಕಿಂಡಿ

ಒಂಟಿಮರ ಅವರೇ, ನಾನು ಕುಟುಂಬ ಚಿಕಿತ್ಸೆ ಮಾಡುವವಳು. ನಿಮ್ಮ ಪ್ರಶ್ನೆಗೆ ಕುಟುಂಬ ಚಿಕಿತ್ಸೆಯ ಪ್ರವರ್ತಕರಲ್ಲೊಬ್ಬರಾದ ಮರ್ರೆ ಬೋವೆನ್ ಅವರ ಚಿಂತನೆಯಲ್ಲಿ ಸ್ಪಷ್ಟವಾದ ಉತ್ತರವಿದೆ. ಸಂಬಂಧದಲ್ಲಿ ಉಳಿದುಕೊಂಡೇ ತನ್ನ ನಿಲುವನ್ನು ಶಾಂತವಾಗಿ ಹೇಳಬಲ್ಲ ಸಾಮರ್ಥ್ಯವನ್ನು ಅವರು ಪ್ರೌಢತೆಯ ಗುರುತೆಂದು ಕಂಡರು. ಮಾತು ಬಿಡುವುದು, ದೂರ ಸರಿಯುವುದು, ಸಂಬಂಧವನ್ನು ಕಡಿದುಕೊಳ್ಳುವುದು ಸ್ವಾತಂತ್ರ್ಯದಂತೆ ಕಂಡರೂ ಅದು ಹಳೆಯ ಅಂಟಿನ ಇನ್ನೊಂದು ರೂಪ. ಕಡಿದುಕೊಂಡವರು ಒಳಗೊಳಗೆ ಇನ್ನೂ ಆ ಸಂಬಂಧಕ್ಕೇ ಉತ್ತರಿಸುತ್ತಿರುತ್ತಾರೆ.

ನಿಮ್ಮ ಪತ್ನಿ ಸದ್ಯಕ್ಕೆ ಗುಂಪಿನ ಮಾತನ್ನು ಮುಂದಿಟ್ಟುಕೊಂಡು ನಿಮ್ಮೊಡನೆ ಮಾತನಾಡುತ್ತಿದ್ದಾರೆ, ಏಕೆಂದರೆ ಒಬ್ಬರೇ ನಿಂತು ಹೇಳುವ ಧೈರ್ಯ ಇನ್ನೂ ಬೆಳೆಯುತ್ತಿದೆ. ಗುಂಪಿನವರು ಹೇಳಿದ್ದು ಸರಿಯೋ ತಪ್ಪೋ ಎಂಬ ವಾದಕ್ಕೆ ನೀವು ಇಳಿದರೆ ಅವರು ಗುಂಪಿನ ವಕೀಲರಾಗಬೇಕಾಗುತ್ತದೆ. ಅದರ ಬದಲು, “ಅವರು ಹಾಗೆ ಹೇಳಿದರು, ಸರಿ, ನಿನಗೇನು ಅನಿಸುತ್ತದೆ? ನಾನು ಕೇಳಿಸಿಕೊಳ್ಳುತ್ತೇನೆ” ಎಂದು ನೋಡಿ. ಆ ಬಳಿಕ ಬರುವ ಉತ್ತರ ನಿಮಗೆ ಹಿತವಾಗದೆ ಇರಬಹುದು. ಆಗಲೂ ನೀವು ಅಲ್ಲೇ ಕುಳಿತಿರುವುದು ಮುಖ್ಯ.

ಇರುಳಹಾದಿ

ಒಂದು ಚಿಕ್ಕ ಪ್ರಶ್ನೆ. ಗುಂಪಿನಲ್ಲಿ ಬಹುತೇಕ ಸುಮ್ಮನಿರುವವರ ಕಥೆ ಏನು? ಮಾತನಾಡದಿದ್ದರೆ ತನ್ನತನ ಬೆಳೆಯುವುದಿಲ್ಲವೇ? ನಾನು ಸುಮ್ಮನಿರುವಾಗಲೆಲ್ಲ ಯಾರಾದರೊಬ್ಬರು “ನೀವೂ ಏನಾದರೂ ಹೇಳಿ” ಎನ್ನುತ್ತಾರೆ.

ತಿಳಿನೀರು

ಇರುಳಹಾದಿ ಅವರೇ, ಮೌನಗಳಲ್ಲಿ ಹಲವು ಬಗೆಯಿವೆ. ಭಯದ ಮೌನವಿದೆ, ಮುನಿಸಿನ ಮೌನವಿದೆ, ಇವುಗಳ ಜೊತೆಗೆ ನೆಮ್ಮದಿಯ ಮೌನವೂ ಇದೆ. ಇನ್ನೊಬ್ಬರ ಸನ್ನಿಧಿಯಲ್ಲಿದ್ದೂ ತನ್ನಷ್ಟಕ್ಕೆ ತಾನಿರಬಲ್ಲ ಸಾಮರ್ಥ್ಯವನ್ನು ಬ್ರಿಟನ್ನಿನ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1958ರ ಲೇಖನವೊಂದರಲ್ಲಿ ಭಾವನಾತ್ಮಕ ಬೆಳವಣಿಗೆಯ ಬಹುಮುಖ್ಯ ಗುರುತೆಂದು ವಿವರಿಸಿದ್ದಾರೆ. ಯಾರನ್ನೂ ರಂಜಿಸುವ, ಸಮಾಧಾನಪಡಿಸುವ, ಉತ್ತರಿಸುವ ಒತ್ತಡವಿಲ್ಲದೆ ಗುಂಪಿನ ನಡುವೆ ಕುಳಿತಿರಲು ಕೆಲವರಿಗೆ ಮೊದಲ ಬಾರಿ ಸಾಧ್ಯವಾಗುವುದು ಚಿಕಿತ್ಸೆಯಲ್ಲೇ. ನಿಮ್ಮ ಮೌನ ಯಾವ ಬಗೆಯದು ಎಂಬುದನ್ನು ನೀವೇ ಹೇಳಬಲ್ಲಿರಿ. “ಇಂದು ನಾನು ಕೇಳುತ್ತಾ ಇರುತ್ತೇನೆ” ಎಂಬ ಒಂದು ಮಾತನ್ನಾಡಿ ಸುಮ್ಮನಿರುವುದಕ್ಕೂ, ಕರೆದಾಗಲೆಲ್ಲ ಏನನ್ನೋ ಹುಡುಕಿ ಹೇಳುವುದಕ್ಕೂ ಬಹಳ ಅಂತರವಿದೆ.

ಬೆಳಕಿಂಡಿ

ತಿಳಿನೀರು ಅವರು ಕೇಳಿದ ಎರಡನೆಯ ಪ್ರಶ್ನೆಗೆ, ಎಂದರೆ ಗುಂಪು ನಡೆಸುವವರು ಮಾಡಬೇಕಾದದ್ದೇನು ಎಂಬುದಕ್ಕೆ, ಇನ್ನೂ ನೇರವಾದ ಉತ್ತರ ಬಂದಿಲ್ಲ. ನಾನು ಅನುಸರಿಸುವ ಕೆಲವು ಕ್ರಮಗಳನ್ನು ಬರೆಯುತ್ತೇನೆ.

ಯಾರಾದರೂ ಇನ್ನೊಬ್ಬರ ಮನಸ್ಸಿನಲ್ಲಿರುವುದನ್ನು ತಾವೇ ಹೇಳಿಬಿಟ್ಟರೆ, ಹೇಳಿಸಿಕೊಂಡವರು ಉತ್ತರಿಸುವ ಮುನ್ನ ನಾನು ಹೇಳಿದವರ ಕಡೆಗೆ ತಿರುಗುತ್ತೇನೆ. “ಅವರಿಗೆ ಸಿಟ್ಟಿದೆ ಎಂದಿರಿ. ಅವರ ಮಾತು ಕೇಳುವಾಗ ನಿಮಗೇನಾಯಿತು?” ಎಂದು ಕೇಳುತ್ತೇನೆ. ಎಷ್ಟೋ ಸಲ ಸಿಟ್ಟು ಹೇಳಿದವರದೇ ಆಗಿರುತ್ತದೆ. ಆ ಸಿಟ್ಟು ಅದರ ಒಡೆಯರಿಗೆ ಮರಳಿದ ಮೇಲೆ ಮೊದಲಿನವರಿಗೆ ತಮ್ಮೊಳಗೆ ನಿಜವಾಗಿ ಏನಿದೆಯೆಂದು ನೋಡಿಕೊಳ್ಳಲು ಜಾಗ ಸಿಗುತ್ತದೆ. ಅದು ದುಃಖವಾಗಿರಬಹುದು, ದಣಿವಾಗಿರಬಹುದು, ಸಿಟ್ಟೇ ಆಗಿರಲೂಬಹುದು.

ಯಾರಾದರೂ ಒಬ್ಬಂಟಿಯಾಗಿ ಭಿನ್ನ ಮಾತನ್ನಾಡಿದಾಗ ಅವರನ್ನು ಒಬ್ಬಂಟಿಯಾಗಿ ಬಿಡುವುದಿಲ್ಲ. ಗುಂಪು ಚಿಕಿತ್ಸಕಿ ಇವಾನ್ ಅಗಜೇರಿಯನ್ ರೂಪಿಸಿದ ಪದ್ಧತಿಯಲ್ಲಿ, ಅಂಥ ಹೊತ್ತಿನಲ್ಲಿ ಆ ಮಾತಿಗೆ ಹತ್ತಿರದ ಭಾವನೆ ಇನ್ನಾರಿಗಾದರೂ ಇದೆಯೇ ಎಂದು ಮೊದಲು ಕೇಳಿ, ಅವರು ತಮ್ಮತಮ್ಮೊಳಗೆ ಅದನ್ನು ಬೆಳೆಸಿದ ಮೇಲೆ ಭಿನ್ನ ಭಾವನೆಯಿರುವವರಿಗೆ ಅವಕಾಶ ಕೊಡುತ್ತಾರೆ. ಅಳತೆಗೋಲು ಸರ್ ಹೇಳಿದ ಜೊತೆಗಾರನ ತತ್ತ್ವಕ್ಕೆ ಇದು ಹತ್ತಿರವಾದದ್ದು. ಗುಂಪಿನ ಎಲ್ಲ ಅಸಮಾಧಾನವೂ ಒಬ್ಬರ ತಲೆಗೆ ಬಂದು ಅವರು ಬಲಿಪಶುವಾಗುವುದನ್ನು ತಡೆಯಲೂ ಇದು ನೆರವಾಗುತ್ತದೆ. ಒಬ್ಬರೇ ಒರಟರೆಂದೋ ಹಟಮಾರಿಯೆಂದೋ ಹೆಸರಾದಾಗ ಉಳಿದವರೆಲ್ಲ ತಮ್ಮ ಒರಟುತನವನ್ನೂ ಹಟವನ್ನೂ ಅವರಿಗೆ ಒಪ್ಪಿಸಿ ತಾವು ಸೌಮ್ಯರಾಗಿಬಿಡುತ್ತಾರೆ. ಆಗ ಎರಡೂ ಕಡೆಯವರ ತನ್ನತನ ಅರ್ಧವಾಗುತ್ತದೆ.

ಕಷ್ಟದ ಪ್ರಶ್ನೆಗಳು ಬಂದಾಗ ಎರಡು ನಿಮಿಷ ಎಲ್ಲರೂ ತಮ್ಮ ಉತ್ತರವನ್ನು ಕಾಗದದಲ್ಲಿ ಬರೆದುಕೊಂಡು, ಆಮೇಲೆ ಮಾತಿಗೆ ತೊಡಗುವಂತೆ ಕೆಲವೊಮ್ಮೆ ಕೇಳುತ್ತೇನೆ. ಬರೆದದ್ದನ್ನು ಓದಲೇಬೇಕೆಂದಿಲ್ಲ. ಚರ್ಚೆಯ ಕೊನೆಗೆ, ಬರೆದದ್ದಕ್ಕೂ ಹೇಳಿದ್ದಕ್ಕೂ ವ್ಯತ್ಯಾಸವಾಯಿತೇ ಎಂದಷ್ಟೇ ಕೇಳುತ್ತೇನೆ. ವ್ಯತ್ಯಾಸವಾಯಿತು ಎಂದು ಒಬ್ಬರು ಒಪ್ಪಿಕೊಂಡರೂ ಆ ದಿನದ ಉಳಿದ ಹೊತ್ತು ಅದಕ್ಕೇ ಮೀಸಲು.

ಎಲ್ಲಕ್ಕಿಂತ ಕಷ್ಟದ ಕೆಲಸ ಚಿಕಿತ್ಸಕರು ತಮ್ಮ ಮುಖಭಾವದ ಬಗ್ಗೆ ಎಚ್ಚರವಾಗಿರುವುದು. ಬ್ರಿಟನ್ನಿನ ಮನೋವಿಶ್ಲೇಷಕ ವಿಲ್ಫ್ರೆಡ್ ಬಯಾನ್ ಗುರುತಿಸಿದಂತೆ, ಗುಂಪು ಆಗಾಗ ತನ್ನ ಕೆಲಸವನ್ನು ಬಿಟ್ಟು, ಎಲ್ಲವನ್ನೂ ಬಲ್ಲ ನಾಯಕ ತನ್ನನ್ನು ಕಾಪಾಡುತ್ತಾನೆಂಬ ನಂಬಿಕೆಯ ಮೇಲೆ ನಡೆಯತೊಡಗುತ್ತದೆ. ಆಗ ಚಿಕಿತ್ಸಕರು ತಲೆಯಾಡಿಸಿದ್ದು, ಹುಬ್ಬೇರಿಸಿದ್ದು, ಟಿಪ್ಪಣಿ ಬರೆದುಕೊಂಡದ್ದು ಎಲ್ಲವೂ ತೀರ್ಪಾಗುತ್ತದೆ. ತಿಳಿನೀರು ಅವರೇ, ನಿಮ್ಮ ಸದಸ್ಯೆ ಎರಡನೆಯದಾಗಿ ನೋಡಿದ್ದು ನಿಮ್ಮ ಮುಖವನ್ನು ಎಂಬುದನ್ನು ಮತ್ತೆ ಗಮನಿಸಿ. ಮುಂದಿನ ಸಲ ಹಾಗೆ ನೋಡಿದಾಗ, ಅದನ್ನು ಮೃದುವಾಗಿ ಮಾತಿಗೆ ತಂದರೆ ಹೇಗೆ?

ದೂರದೀಪ

ಬೆಳಕಿಂಡಿ ಅವರು ವಿವರಿಸಿದ ರೀತಿಯಲ್ಲಿ ಗುಂಪು ನಡೆಯುವುದಾದರೆ ನನ್ನ ಆಕ್ಷೇಪದ ಬಹುಭಾಗ ಉಳಿಯುವುದಿಲ್ಲ. ಆದರೆ ಇಷ್ಟು ಸೂಕ್ಷ್ಮವಾಗಿ ಗುಂಪು ನಡೆಸುವವರು ಎಲ್ಲೆಡೆ ಸಿಗುತ್ತಾರೆಂದು ಭಾವಿಸಲಾಗದು. ಗುಂಪಿಗೆ ಸೇರುವ ಮುನ್ನ, ಸಲಹೆಯನ್ನು ನಿರಾಕರಿಸಿದವರನ್ನು, ಮಾತನಾಡಲು ಒಲ್ಲದವರನ್ನು, ಚಿಕಿತ್ಸಕರನ್ನೇ ಪ್ರಶ್ನಿಸಿದವರನ್ನು ಅಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಈ ಪ್ರಶ್ನೆಗೆ ಸಿಡಿಮಿಡಿಗೊಳ್ಳುವವರ ಗುಂಪನ್ನು ಬಿಟ್ಟುಬಿಡುವುದು ಒಳ್ಳೆಯದು.

ತಿಳಿನೀರು

ಈ ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸೆಷನ್‌ಗಳನ್ನು ನಡೆಸಿದೆ. ಮತ್ತೊಬ್ಬ ಸದಸ್ಯರು ನಾನು ಮೊದಲು ಬರೆದ ಆ ಮಹಿಳೆಗೆ, “ನೀವು ಆ ಮನೆಯನ್ನು ಬಿಟ್ಟು ಬರಲೇಬೇಕು” ಎಂದಾಗ ಅವರು ಹಿಂದಿನಂತೆಯೇ ನನ್ನತ್ತ ನೋಡಿದರು. “ಉತ್ತರ ಹೇಳುವ ಮೊದಲು ನನ್ನ ಮುಖ ನೋಡಿದಿರಿ. ಅಲ್ಲಿ ಏನು ಕಂಡಿತು?” ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ನೀವು ಒಪ್ಪುತ್ತೀರೋ ಇಲ್ಲವೋ ತಿಳಿಯಲಿಲ್ಲ, ಅದಕ್ಕೇ ಏನು ಹೇಳಬೇಕೋ ಗೊತ್ತಾಗಲಿಲ್ಲ” ಎಂದರು. ಸಲಹೆ ಕೊಟ್ಟವರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬ ಸದಸ್ಯೆ, “ನನಗೂ ಇಲ್ಲಿ ಹಾಗೆಯೇ ಆಗುತ್ತದೆ” ಎಂದರು. ಅಂದಿನ ಉಳಿದ ಹೊತ್ತೆಲ್ಲ ಯಾರು ಯಾರ ಮುಖ ನೋಡಿ ಮಾತನಾಡುತ್ತಾರೆ ಎಂಬುದರ ಮೇಲೆಯೇ ಕಳೆಯಿತು.

ಅದಾದ ಬಳಿಕ ಅವರು ಮೊದಲಿಗಿಂತ ಕಡಿಮೆ ಮಾತನಾಡುತ್ತಿದ್ದಾರೆ, ತಡವರಿಸುತ್ತಿದ್ದಾರೆ. ಅಕ್ಕನ ಮೇಲಿರುವುದು ಸಿಟ್ಟಲ್ಲ, ಅಕ್ಕ ಮದುವೆಯಾಗಿ ಹೋದ ಮೇಲೆ ತಾನು ಮನೆಯಲ್ಲಿ ಒಬ್ಬಳೇ ಉಳಿದ ದುಃಖ ಎಂದು ಈಚೆಗೆ ಹೇಳಿದರು. ಹಿರಿಯ ಸದಸ್ಯರಿಗೆ ಅದು ಹಿಡಿಸಲಿಲ್ಲ, ಅವರು ಅದನ್ನು ಹೇಳಿದರು ಕೂಡ. ಇವರು ಮಾತು ಬದಲಿಸಲಿಲ್ಲ. ಗುಂಪು ಹಿಂದಿಗಿಂತ ಸ್ವಲ್ಪ ಬಿಗುವಾಗಿದೆ. ಅದು ನನಗೆ ಆತಂಕ ತರುತ್ತಿಲ್ಲ.

ಈಗ ಹೊಸದೊಂದು ವಿಷಯ ಎದ್ದಿದೆ. ಅವರು ಗುಂಪನ್ನು ಬಿಡುವ ಯೋಚನೆಯಲ್ಲಿದ್ದಾರೆ. ಇದು ಅವರದೇ ತೀರ್ಮಾನವೇ, ಅಥವಾ ಬಿಗುವಿನಿಂದ ತಪ್ಪಿಸಿಕೊಳ್ಳುವ ಹಳೆಯ ದಾರಿಯೇ ಎಂಬುದನ್ನು ನಾನು ಹೇಗೆ ನೋಡಲಿ?

ಬೆಳಕಿಂಡಿ

ಅದನ್ನು ನೀವು ತೀರ್ಮಾನಿಸಬೇಕಾಗಿಲ್ಲ. ನೀವು ತೀರ್ಮಾನಿಸಿದರೆ ಅವರು ಮತ್ತೆ ನಿಮ್ಮ ಮುಖ ನೋಡಬೇಕಾಗುತ್ತದೆ. ಬಿಡುವ ವಿಚಾರವನ್ನು ಗುಂಪಿನಲ್ಲೇ ಹೇಳಲಿ, ದಿನಾಂಕವನ್ನು ಅವರೇ ಗೊತ್ತುಮಾಡಲಿ, ಆದರೆ ಹೇಳಿದ ದಿನವೇ ಹೋಗದೆ ಮುಂದಿನ ಕೆಲವು ಸೆಷನ್‌ಗಳಿಗೆ ಬರಲೆಂದು ಮಾತ್ರ ಕೇಳಿಕೊಳ್ಳಿ. ಗುಂಪು ಸೇರುವಾಗಲೇ ಈ ಒಪ್ಪಂದವಾಗಿದ್ದರೆ ಇನ್ನೂ ಒಳ್ಳೆಯದು. ಆ ವಾರಗಳಲ್ಲಿ ಕೆಲವರಿಗೆ ದುಃಖವಾಗುತ್ತದೆ, ಹಿರಿಯ ಸದಸ್ಯರು ಬಹುಶಃ ಬೇಡವೆನ್ನುತ್ತಾರೆ, ಯಾರಾದರೊಬ್ಬರು ಸಿಟ್ಟಾಗಲೂಬಹುದು. ಅವೆಲ್ಲವನ್ನೂ ಎದುರು ಕುಳಿತು ಕೇಳಿಸಿಕೊಂಡ ಮೇಲೆ ಅವರು ಹೋಗಲು ತೀರ್ಮಾನಿಸಿದರೂ ಸರಿ, ಇನ್ನಷ್ಟು ದಿನ ಇರಲು ತೀರ್ಮಾನಿಸಿದರೂ ಸರಿ. ಕೊನೆಯ ಸೆಷನ್‌ನಲ್ಲಿ ಗುಂಪಿನಿಂದ ತಾವು ಒಯ್ಯುತ್ತಿರುವುದೇನು ಎಂಬುದರ ಜೊತೆಗೆ, ಗುಂಪು ತಮ್ಮ ಬಗ್ಗೆ ಹೇಳಿದ ಯಾವ ಮಾತನ್ನು ಇಲ್ಲೇ ಬಿಟ್ಟುಹೋಗುತ್ತಿದ್ದೇನೆ ಎಂಬುದನ್ನೂ ಹೇಳುವಂತೆ ನಾನು ಕೇಳುತ್ತೇನೆ. ನೀವೂ ಕೇಳಿ ನೋಡಿ.